ದಂತ ಕಾಲೇಜಿನ ಸೀಟು ಕೋರ್ಟಿಗೆ ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕೌನ್ಸೆಲಿಂಗ್ ಶುರುವಾಗುವ ಹೊತ್ತಿಗೆ ಸರಿಯಾಗಿ ಒಂದಲ್ಲ ಒಂದು ದಂತ ವೈದ್ಯಕೀಯ ಕಾಲೇಜು ಹೈಕೋರ್ಟಿನ ಮೆಟ್ಟಿಲು ಹತ್ತಿರುತ್ತದೆ. ಸೀಟು ಹೆಚ್ಚಿಸಿ ಎಂದು ಕೇಳಿದರೆ ಇಲ್ಲ ಅಂದರು, ಇದ್ದ ಸೀಟಿಗೂ ಈ ವರ್ಷ ಕತ್ತರಿ ಹಾಕಿದರು, ಅನುಮತಿಗಿಂತ ಜಾಸ್ತಿ ಜನರನ್ನು ಸೇರಿಸಿಕೊಂಡಿದ್ದೀರಿ ಎಂದು ನೋಟಿಸು ಕೊಟ್ಟರು. ಕಾರಣ ಯಾವುದೇ ಇರಲಿ, ನಡುವೆ ಸಿಕ್ಕಿಕೊಳ್ಳುವವರು ನೀಟ್ ಬರೆದು ಕಾದು ಕುಳಿತ ಮಕ್ಕಳು. ಇಲ್ಲಿರುವ ಉತ್ತರಗಳು ಅವರಿಗಾಗಿ, ಅವರ ಅಪ್ಪ ಅಮ್ಮಂದಿರಿಗಾಗಿ. ಕಾಲೇಜಿನವರೂ ಓದಬಹುದು; ಅವರ ಪರವಾದ ಮಾತುಗಳೂ ಕೆಲವಿವೆ. ನಿಮ್ಮದೇ ಕಾಗದಪತ್ರ ನೋಡಿ ಹೇಳಬೇಕಾದದ್ದನ್ನು ಮಾತ್ರ ವಕೀಲರೇ ಹೇಳಬೇಕು.

ಕಾಲೇಜಿಗೂ ದಂತ ವೈದ್ಯಕೀಯ ಪರಿಷತ್ತಿಗೂ ಜಗಳ ನಡೆಯುತ್ತಿದೆ ಅನ್ನುತ್ತಾರೆ. ನಿಜವಾಗಿ ಜಗಳ ಯಾವುದರ ಬಗ್ಗೆ?

ಪತ್ರಿಕೆಯಲ್ಲಿ ಎಲ್ಲವೂ ‘ಸೀಟು ವಿವಾದ’ ಎಂದೇ ಬರುತ್ತದೆ. ಒಳಗೆ ನೋಡಿದರೆ ನಾಲ್ಕು ಬಗೆ. ಹೊಸ ಕಾಲೇಜಿಗೆ ಅನುಮತಿ ಸಿಗದಿರುವುದು ಒಂದು. ಇರುವ ಕಾಲೇಜು 50 ಸೀಟನ್ನು 100 ಮಾಡಿ ಎಂದು ಕೇಳಿದಾಗ, ಅಥವಾ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ವಿಭಾಗದಲ್ಲಿ ಹೊಸ ಸೀಟು ಕೇಳಿದಾಗ ತಿರಸ್ಕಾರವಾಗುವುದು ಎರಡನೆಯದು. ಮೊದಲ ತಂಡ ಇನ್ನೂ ಅಂತಿಮ ಪರೀಕ್ಷೆ ಬರೆಯದ ಕಾಲೇಜಿಗೆ ವರ್ಷ ವರ್ಷವೂ ಅನುಮತಿ ನವೀಕರಣ ಆಗಬೇಕು; ಅದು ನಿಂತುಹೋದರೆ ಆ ವರ್ಷ ಹೊಸ ಪ್ರವೇಶವೇ ಇಲ್ಲ. ಇದು ಮೂರನೆಯದು. ಅನುಮತಿ ಇದ್ದದ್ದಕ್ಕಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಂಡದ್ದು ನಾಲ್ಕನೆಯದು.

ಮೊದಲ ಮೂರರಲ್ಲಿ ಸೋಲು ಗೆಲುವು ಹೆಚ್ಚಾಗಿ ಕಾಲೇಜಿನದು. ನಾಲ್ಕನೆಯದರಲ್ಲಿ ಪೆಟ್ಟು ನೇರವಾಗಿ ವಿದ್ಯಾರ್ಥಿಗೆ. ಆದ್ದರಿಂದ ‘ಕೇಸು ಇದೆಯಾ’ ಎಂದು ಕೇಳಿ ಸುಮ್ಮನಾಗಬೇಡಿ. ಯಾವ ಬಗೆಯ ಕೇಸು ಎಂದು ಕೇಳಿ.

ಸೀಟಿನ ಸಂಖ್ಯೆಯನ್ನು ನಿಗದಿ ಮಾಡುವವರು ಯಾರು? ರಾಜ್ಯ ಸರ್ಕಾರವೇ, ವಿಶ್ವವಿದ್ಯಾಲಯವೇ?

ಇಬ್ಬರೂ ಅಲ್ಲ. ದಂತ ವೈದ್ಯರ ಕಾಯ್ದೆ 1948ರದ್ದು. ಅದಕ್ಕೆ 1993ರ ತಿದ್ದುಪಡಿಯಲ್ಲಿ ಸೆಕ್ಷನ್ 10ಎ ಸೇರಿತು. ಆಮೇಲೆ ಹೊಸ ಕಾಲೇಜು ತೆರೆಯಲು, ಹೊಸ ಕೋರ್ಸು ಆರಂಭಿಸಲು, ಪ್ರವೇಶ ಸಂಖ್ಯೆ ಹೆಚ್ಚಿಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಭಾರತೀಯ ದಂತ ವೈದ್ಯಕೀಯ ಪರಿಷತ್ತು, ಅಂದರೆ ಎಲ್ಲರೂ ಡಿಸಿಐ ಅನ್ನುವ ಸಂಸ್ಥೆ, ತಪಾಸಣೆ ಮಾಡಿ ಶಿಫಾರಸು ಕಳಿಸುತ್ತದೆ. ಆದೇಶಕ್ಕೆ ಸಹಿ ಬೀಳುವುದು ಕೇಂದ್ರ ಆರೋಗ್ಯ ಸಚಿವಾಲಯದಲ್ಲಿ.

ರಾಜ್ಯ ಸರ್ಕಾರಕ್ಕೂ ಪಾತ್ರವಿದೆ. ಈ ಜಾಗದಲ್ಲಿ ಇಂಥ ಕಾಲೇಜು ಬೇಕು ಎಂಬ ಅಗತ್ಯತಾ ಪ್ರಮಾಣಪತ್ರ ಕೊಡುವುದು ಅದೇ. ಸಂಯೋಜನೆ, ಅಂದರೆ ಅಫಿಲಿಯೇಷನ್ ಕೊಡುವುದು ವಿಶ್ವವಿದ್ಯಾಲಯ. ನಮ್ಮಲ್ಲಿ 1996ರಿಂದ ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಹೀಗೆ ಒಂದು ಸೀಟಿನ ಹಿಂದೆ ನಾಲ್ಕಾರು ಕಚೇರಿಗಳ ಮೊಹರು ಇರುತ್ತದೆ. ಆದರೆ ಸಂಖ್ಯೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಇರುವುದು ಕೇಂದ್ರದ ಅನುಮತಿ ಪತ್ರದಲ್ಲಿ ಮಾತ್ರ.

ಇದನ್ನು ಖಚಿತಪಡಿಸಿದ ತೀರ್ಪು ಬಂದದ್ದೂ ನಮ್ಮ ರಾಜ್ಯದ ಪ್ರಕರಣದಲ್ಲೇ. ವೈದ್ಯಕೀಯ ಕಾಲೇಜುಗಳ ಸೀಟಿನ ಸಂಖ್ಯೆಯನ್ನು ರಾಜ್ಯ ತನ್ನ ಕಾನೂನಿನ ಅಡಿಯಲ್ಲಿ ಗೊತ್ತುಮಾಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಭಾರತೀಯ ವೈದ್ಯಕೀಯ ಪರಿಷತ್ತು ಮತ್ತು ಕರ್ನಾಟಕ ಸರ್ಕಾರದ ನಡುವಣ ಆ ಪ್ರಕರಣದಲ್ಲಿ 1998ರಲ್ಲಿ ನ್ಯಾಯಾಲಯ ಹೇಳಿದ್ದು ಸ್ಪಷ್ಟ: 10ಎ ಬಂದ ಮೇಲೆ ಆ ಅಧಿಕಾರ ರಾಜ್ಯಕ್ಕೂ ವಿಶ್ವವಿದ್ಯಾಲಯಕ್ಕೂ ಉಳಿದಿಲ್ಲ, ಪರಿಷತ್ತಿನ ನಿಯಮಗಳನ್ನು ಎಲ್ಲರೂ ಪಾಲಿಸಲೇಬೇಕು. ವೈದ್ಯಕೀಯಕ್ಕೂ ದಂತ ವೈದ್ಯಕೀಯಕ್ಕೂ ಆಗ ಇದ್ದ ಸೆಕ್ಷನ್ನುಗಳು ಒಂದೇ ಅಚ್ಚಿನವು. ಹಾಗಾಗಿ ಎಂಬಿಬಿಎಸ್ ತೀರ್ಪುಗಳನ್ನು ದಂತ ಕಾಲೇಜಿನ ಕೇಸುಗಳಲ್ಲೂ ಧಾರಾಳವಾಗಿ ಬಳಸುತ್ತಾರೆ. ಈ ಪುಟದಲ್ಲೂ ಹಾಗೆಯೇ ಮಾಡಿದ್ದೇವೆ.

50, 100 ಎಂಬ ಲೆಕ್ಕ ಯಾಕೆ? ಹತ್ತು ಸೀಟು ಹೆಚ್ಚಿಗೆ ಕೊಟ್ಟರೆ ಏನು ಗಂಟು ಹೋಗುತ್ತದೆ?

ಬಿಡಿಎಸ್‌ಗೆ, ಅಂದರೆ ದಂತ ವೈದ್ಯಕೀಯ ಪದವಿಗೆ, ಅನುಮತಿ ಸಿಗುವುದು 50 ಅಥವಾ 100ರ ಲೆಕ್ಕದಲ್ಲಿ. ಡೆಂಟಲ್ ಚೇರ್ ಎಷ್ಟಿರಬೇಕು, ಪ್ರೊಫೆಸರ್, ರೀಡರ್, ಲೆಕ್ಚರರ್ ಎಷ್ಟು ಮಂದಿ, ಲ್ಯಾಬಿನ ಅಳತೆ ಎಷ್ಟು, ಎಲ್ಲವನ್ನೂ ಈ ಎರಡು ಸಂಖ್ಯೆಗೆ ಕಟ್ಟಿ ನಿಯಮ ಬರೆಯಲಾಗಿದೆ. ನಡುವಿನ ಸಂಖ್ಯೆಗೆ ಅಳತೆಗೋಲೇ ಇಲ್ಲ.

ಇದು ಬರೀ ಕಾಗದದ ಹಟವೂ ಅಲ್ಲ. ದಂತ ವೈದ್ಯಕೀಯ ಕೈಯಿಂದ ಕಲಿಯುವ ವಿದ್ಯೆ. ಎರಡನೇ ವರ್ಷದವರೆಗೆ ಬೊಂಬೆ ತಲೆಯ ಮೇಲೆ ಹಲ್ಲು ಕೊರೆದು ಅಭ್ಯಾಸವಾದರೆ, ಮೂರನೇ ವರ್ಷದಿಂದ ಎದುರಿಗೆ ನಿಜವಾದ ರೋಗಿ ಬಾಯಿ ತೆರೆದು ಕುಳಿತಿರಬೇಕು. ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ಫಿಲ್ಲಿಂಗ್ ಮಾಡಿರಬೇಕು, ಪೂರ್ಣ ಹಲ್ಲುಸೆಟ್ಟು ಕಟ್ಟಿರಬೇಕು ಎಂದು ವಿದ್ಯಾರ್ಥಿಗೆ ‘ಕೋಟಾ’ ಇರುತ್ತದೆ. ಹೊರರೋಗಿ ವಿಭಾಗಕ್ಕೆ ದಿನಕ್ಕೆ ಬರುವ ಜನ ಅಷ್ಟೇ ಇದ್ದು, ಬ್ಯಾಚು ಮಾತ್ರ ಇಮ್ಮಡಿಯಾದರೆ ಒಬ್ಬೊಬ್ಬರ ಕೈಗೆ ಸಿಗುವ ಕೇಸು ಅರ್ಧಕ್ಕೆ ಇಳಿಯುತ್ತದೆ. ರೋಗಿ ಸಿಗದೆ ತಾವೇ ಬಸ್ಸಿನ ಚಾರ್ಜು ಕೊಟ್ಟು ಯಾರನ್ನೋ ಕರೆತಂದು ಕೋಟಾ ಮುಗಿಸುವ ವಿದ್ಯಾರ್ಥಿಗಳ ಕಥೆ ಕ್ಯಾಂಪಸ್ಸುಗಳಲ್ಲಿ ಹೊಸದಲ್ಲ. ಪ್ರವೇಶ ಸಂಖ್ಯೆಯ ಮೇಲಿನ ಮಿತಿಗೆ ನಿಜವಾದ ಸಮರ್ಥನೆ ಇರುವುದು ಇಲ್ಲಿಯೇ, ಕಾಲೇಜಿನ ಜಾಗದ ಎಕರೆ ಲೆಕ್ಕದಲ್ಲಿ ಅಲ್ಲ. ತಪಾಸಣಾ ವರದಿಗಳಲ್ಲಿ ರೋಗಿಗಳ ಸಂಖ್ಯೆಯ ಬಗ್ಗೆ ಇರುವ ಸಾಲುಗಳನ್ನು ಮೊದಲು ಓದಿ ಎಂದು ಪೋಷಕರಿಗೆ ಹೇಳುವುದು ಅದಕ್ಕೇ.

ತಪಾಸಣೆಗೆ ಬಂದವರು ಒಂದು ದಿನ ನೋಡಿ ಹೋಗಿ ಕಾಲೇಜಿನ ಹಣೆಬರಹ ಬರೆಯುವುದು ನ್ಯಾಯವೇ?

ಕಾಲೇಜುಗಳ ದೊಡ್ಡ ದೂರು ಇದು. ಬಂದ ದಿನ ಹಬ್ಬದ ಹಿಂದುಮುಂದಿನ ದಿನವಾಗಿತ್ತು, ಅಧ್ಯಾಪಕರು ರಜೆಯಲ್ಲಿದ್ದರು, ಮಳೆಯಿಂದ ರೋಗಿಗಳು ಬರಲಿಲ್ಲ ಎಂಬ ವಾದ ಬಹುತೇಕ ಪ್ರತಿ ರಿಟ್ ಅರ್ಜಿಯಲ್ಲೂ ಇರುತ್ತದೆ. ಕೆಲವು ಸಲ ನಿಜವೂ ಇರುತ್ತದೆ.

ಆದರೆ ಮೊದಲೇ ದಿನ ಹೇಳಿ ಹೋದರೆ ಏನಾಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಸಂಬಳದ ಪಟ್ಟಿಯಲ್ಲಿ ಮಾತ್ರ ಇರುವ ಅಧ್ಯಾಪಕರು ಆ ದಿನ ಪ್ರತ್ಯಕ್ಷರಾಗುತ್ತಾರೆ. ಬಾಡಿಗೆಗೆ ತಂದ ಉಪಕರಣ ಸಂಜೆ ಲಾರಿ ಹತ್ತುತ್ತದೆ. ಅದಕ್ಕೇ ಮನೋಹರ್ ಲಾಲ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ದಿಢೀರ್ ತಪಾಸಣೆಯ ಕ್ರಮವನ್ನು ಎತ್ತಿಹಿಡಿಯಿತು.

ವರದಿಯೇ ತಪ್ಪು ಎಂದು ವಾದಿಸಿ ಗೆಲ್ಲುವುದು ಕಷ್ಟ. 2016ರಲ್ಲಿ ಭುವನೇಶ್ವರದ ಕಳಿಂಗ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್ ಪ್ರಕರಣದಲ್ಲಿ ಕೋರ್ಟು ಹೇಳಿದ್ದೇನೆಂದರೆ, ವಿಷಯ ಬಲ್ಲ ವೈದ್ಯ ಅಧ್ಯಾಪಕರು ಕಣ್ಣಾರೆ ನೋಡಿ ಬರೆದ ವರದಿಯನ್ನು ಹೈಕೋರ್ಟು ಮೇಲ್ಮನವಿ ಪ್ರಾಧಿಕಾರದ ಹಾಗೆ ಕುಳಿತು ಮರುಪರಿಶೀಲಿಸಬಾರದು. ದುರುದ್ದೇಶವಿತ್ತು, ಕಾನೂನಿನ ಅಧಿಕಾರವೇ ಇರಲಿಲ್ಲ ಎನ್ನುವಂಥ ಗಟ್ಟಿ ಕಾರಣ ತೋರಿಸಬೇಕು.

ಹಾಗಾದರೆ ಕಾಲೇಜುಗಳು ಗೆಲ್ಲುವುದೇ ಇಲ್ಲವೇ?

ಗೆಲ್ಲುತ್ತವೆ. ಸಾಮಾನ್ಯವಾಗಿ ಗೆಲ್ಲುವುದು ವಿಧಾನದ ಲೋಪದ ಮೇಲೆ. ನ್ಯೂನತೆ ತೋರಿಸಿ ಅದನ್ನು ಸರಿಪಡಿಸಲು ಅವಕಾಶ ಕೊಡಬೇಕು, ಕಾಲೇಜಿನ ಮಾತು ಕೇಳಬೇಕು, ಆಮೇಲೆ ಕಾರಣ ಬರೆದು ಆದೇಶ ಮಾಡಬೇಕು. 10ಎ ಅದನ್ನೇ ಹೇಳುತ್ತದೆ. ರಾಯಲ್ ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಈ ಹಂತಗಳನ್ನು ಬಿಡಿಸಿ ಹೇಳಿತು. ವೇಳಾಪಟ್ಟಿಯಲ್ಲಿ ಅಹವಾಲು ಕೇಳಲು ಜಾಗ ಇರಲೇಬೇಕು ಎಂದಿತು.

ಇಲ್ಲಿ ನಿಯಂತ್ರಕರನ್ನು ಪೂರಾ ಸಾಚಾ ಅನ್ನಲು ಆಗುವುದಿಲ್ಲ. ತಿಂಗಳುಗಟ್ಟಲೆ ಕಡತ ಇಟ್ಟುಕೊಂಡು, ಪ್ರವೇಶದ ಬಾಗಿಲು ಮುಚ್ಚುವ ಹೊತ್ತಿಗೆ ‘ನ್ಯೂನತೆ ಮುಂದುವರಿದಿದೆ’ ಎಂಬ ಒಂದೇ ಸಾಲಿನ ಆದೇಶ ಕಳಿಸಿದರೆ ಕಾಲೇಜು ಕೋರ್ಟಿಗೆ ಹೋಗದೆ ಇನ್ನೇನು ಮಾಡೀತು? ಯಾವ ನ್ಯೂನತೆ, ಅದನ್ನು ಸರಿಪಡಿಸಿದ್ದೇವೆಂದು ಕಾಲೇಜು ಕೊಟ್ಟ ಅನುಪಾಲನಾ ವರದಿ ಯಾಕೆ ಸಾಲದು ಎಂದು ಬರೆಯದ ಆದೇಶ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಆದರೆ ಗೆದ್ದರೆ ಏನು ಸಿಗುತ್ತದೆ ಎಂಬುದನ್ನು ಗಮನಿಸಿ. ಕೋರ್ಟು ಆದೇಶವನ್ನು ರದ್ದು ಮಾಡಿ, ಮತ್ತೆ ಪರಿಶೀಲಿಸಿ ಎಂದು ಕಡತವನ್ನು ಹಿಂದಕ್ಕೆ ಕಳಿಸುತ್ತದೆ. ‘ಕೇಸು ಗೆದ್ದಿದ್ದೇವೆ’ ಎಂಬ ಬ್ಯಾನರ್ ಕಾಲೇಜಿನ ಗೇಟಿಗೆ ಬೀಳುತ್ತದೆ, ಅನುಮತಿ ಪತ್ರ ಮಾತ್ರ ಇನ್ನೂ ಬಂದಿರುವುದಿಲ್ಲ.

ಅರ್ಜಿ ಹಾಕಿ ಒಂದು ವರ್ಷವಾದರೂ ಉತ್ತರವೇ ಬರದಿದ್ದರೆ?

ಒಂದು ವರ್ಷದೊಳಗೆ ಕೇಂದ್ರ ಯಾವ ಆದೇಶವನ್ನೂ ತಿಳಿಸದಿದ್ದರೆ ಅನುಮತಿ ಸಿಕ್ಕಿದೆಯೆಂದೇ ಭಾವಿಸಬೇಕು ಎನ್ನುವ ಮಾತು 10ಎಯಲ್ಲೇ ಇದೆ. ಆದರೆ ಕೇಳಿದ ಮಾಹಿತಿ ಒದಗಿಸಲು ಕಾಲೇಜು ತೆಗೆದುಕೊಂಡ ಸಮಯವನ್ನು ಆ ವರ್ಷದಿಂದ ಕಳೆಯಬೇಕು. ಲೆಕ್ಕ ಅಲ್ಲೇ ಎಡವುವುದು. ಇದನ್ನು ನಂಬಿಕೊಂಡು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕಾಲೇಜಿನಿಂದ ದೂರವಿರಿ.

ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟಿದೆ, ಧೈರ್ಯವಾಗಿ ಸೇರಿಸಿ ಎಂದು ಕಾಲೇಜಿನವರು ಹೇಳುತ್ತಿದ್ದಾರೆ. ಸೇರಿಸಬಹುದೇ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಅನುಮತಿ ನಿರಾಕರಿಸಿದ ಆದೇಶಕ್ಕೆ ತಡೆಯಾಜ್ಞೆ ಸಿಕ್ಕಿದೆ ಅಂದುಕೊಳ್ಳಿ. ತಿರಸ್ಕಾರಕ್ಕೆ ತಡೆ ಬಿದ್ದ ಮಾತ್ರಕ್ಕೆ ಅನುಮತಿ ಹುಟ್ಟಿಬಿಡುವುದಿಲ್ಲ. ಇಲ್ಲ ಎಂದು ಬರೆದ ಕಾಗದವನ್ನು ಪಕ್ಕಕ್ಕಿಟ್ಟರೆ ಹೌದು ಎಂದು ಬರೆದ ಕಾಗದ ತಾನಾಗಿ ಸೃಷ್ಟಿಯಾಗುತ್ತದೆಯೇ? ಸೆಕ್ಷನ್ 10ಎ ಕೇಳುವುದು ಕೇಂದ್ರದ ಪೂರ್ವಾನುಮತಿಯನ್ನು. ಅದು ಇಲ್ಲದ ಕಡೆ ಸೀಟೂ ಇಲ್ಲ.

ಕೆಲವೊಮ್ಮೆ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂತಿಮ ತೀರ್ಪಿಗೆ ಒಳಪಟ್ಟು ಕೌನ್ಸೆಲಿಂಗ್‌ನಲ್ಲಿ ಭಾಗವಹಿಸಲು ಕಾಲೇಜಿಗೆ ಬಿಡುತ್ತದೆ. ದಂತ ವೈದ್ಯಕೀಯ ಕ್ಷೇತ್ರದ್ದೇ ಒಂದು ಪ್ರಕರಣ ಇದರ ಮೇಲೆ ಬಂತು. ಮಹಾರಾಷ್ಟ್ರದ ಹಿಂಗೋಲಿಯ ಡಾ. ಹೆಡಗೇವಾರ್ ಸ್ಮೃತಿ ರುಗ್ಣ ಸೇವಾ ಮಂಡಳದ ಕಾಲೇಜಿಗೆ ಎಂಡಿಎಸ್ ಸೀಟುಗಳ ವಿಚಾರದಲ್ಲಿ ಬಾಂಬೆ ಹೈಕೋರ್ಟು ಮಧ್ಯಂತರ ಪರಿಹಾರ ನೀಡಿತ್ತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕೇಸು ಮುಗಿಯುವ ಮುನ್ನ ವಿದ್ಯಾರ್ಥಿಗಳನ್ನು ಒಳಗೆ ಬಿಡುವಂಥ ಆದೇಶ ಕೊಡಬಾರದು, ಕೊಟ್ಟರೆ ಗೊಂದಲ ಹುಟ್ಟುತ್ತದೆ, ಕೊನೆಗೆ ಅನುಭವಿಸುವವರು ಮಕ್ಕಳು ಎಂಬುದು ಆ ತೀರ್ಪಿನ ತಿರುಳು. ಆಮೇಲೆ ಪರಿಷತ್ತಿನ ಪರ ವಕೀಲರು ಎಲ್ಲ ಹೈಕೋರ್ಟುಗಳಲ್ಲೂ ಮೊದಲು ಮುಂದಿಡುವುದು ಇದನ್ನೇ.

ಮೇಲೆ ಹೇಳಿದ ಕಳಿಂಗ ಪ್ರಕರಣದಲ್ಲಿ ಏನಾಯಿತು ನೋಡಿ. ಎಂಬಿಬಿಎಸ್ ಸೀಟು 100ರಿಂದ 150ಕ್ಕೆ ಏರಿಸಲು ಅನುಮತಿ ಸಿಗಲಿಲ್ಲ. ಕಾಲೇಜು ಹೈಕೋರ್ಟಿನಿಂದ ಆದೇಶ ತಂದು ಹೆಚ್ಚುವರಿ 50 ಮಂದಿಯನ್ನು ಸೇರಿಸಿಕೊಂಡಿತು. ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿತು, ಕಾಲೇಜಿಗೆ 5 ಕೋಟಿ ರೂಪಾಯಿ ದಂಡ ಹಾಕಿತು, ಮುಂದಿನ ಎರಡು ಶೈಕ್ಷಣಿಕ ವರ್ಷ ಸೀಟು ಹೆಚ್ಚಳಕ್ಕೆ ಅನುಮತಿ ಕೊಡಕೂಡದು ಎಂದಿತು. ಸೇರಿಹೋದ ವಿದ್ಯಾರ್ಥಿಗಳನ್ನು ಮಾತ್ರ ಹೊರಹಾಕಲಿಲ್ಲ.

ಆ ಕೊನೆಯ ವಾಕ್ಯವನ್ನೇ ಹಿಡಿದು ‘ನೋಡಿ, ಮಕ್ಕಳಿಗೆ ಏನೂ ಆಗಲ್ಲ’ ಎನ್ನುವ ಏಜೆಂಟರಿದ್ದಾರೆ. ಅವರಿಗೆ ಕಮಿಷನ್ ಸಿಗುವುದು ಅಡ್ಮಿಷನ್ ಆದ ದಿನ, ತೀರ್ಪು ಬಂದ ದಿನವಲ್ಲ.

ಆದೇಶದ ಪ್ರತಿ ಕೈಗೆ ಸಿಕ್ಕರೆ ಎರಡು ಸಂಗತಿ ಹುಡುಕಿ. ಪ್ರವೇಶವು ರಿಟ್ ಅರ್ಜಿಯ ಅಂತಿಮ ಫಲಿತಾಂಶಕ್ಕೆ ಒಳಪಟ್ಟಿದೆ ಎಂದಿದೆಯೇ? ಈ ಆದೇಶದ ಆಧಾರದ ಮೇಲೆ ವಿದ್ಯಾರ್ಥಿಗಳು ಯಾವ ಹಕ್ಕನ್ನೂ ಕೇಳುವಂತಿಲ್ಲ ಎಂದಿದೆಯೇ? ಎರಡೂ ಇದ್ದರೆ, ಕೇಸು ಸೋತಾಗ ನಿಮ್ಮ ಪರವಾಗಿ ಹೇಳಿಕೊಳ್ಳಲು ಬಹಳ ಕಡಿಮೆ ಉಳಿದಿರುತ್ತದೆ.

100 ಸೀಟಿನ ಕಾಲೇಜು 120 ಮಂದಿಯನ್ನು ಸೇರಿಸಿಕೊಂಡಿದ್ದರೆ ಆ ‘ಹೆಚ್ಚುವರಿ’ 20 ಮಂದಿ ಯಾರು?

ತರಗತಿಯಲ್ಲಿ ಕುಳಿತಾಗ ಯಾರ ಹಣೆಯ ಮೇಲೂ ಬರೆದಿರುವುದಿಲ್ಲ. ಅನುಮತಿಯಿಲ್ಲದೆ ಹೆಚ್ಚಿಸಿಕೊಂಡ ಸೀಟಿನಲ್ಲಿ ಓದಿದವರ ಪದವಿಗೆ ಮಾನ್ಯತೆ ಇಲ್ಲ ಎನ್ನುತ್ತದೆ ಸೆಕ್ಷನ್ 10ಬಿ. ಅಂಥವರನ್ನು ಗುರುತಿಸುವ ಮಾನದಂಡವನ್ನು ನಿಯಮದಲ್ಲಿ ಹೇಳಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ವ್ಯವಹಾರದಲ್ಲಿ ಪರೀಕ್ಷಾ ಪ್ರಾಧಿಕಾರದ ಹಂಚಿಕೆ ಪತ್ರ ಇರುವವರು ಗಟ್ಟಿ. ಕೌನ್ಸೆಲಿಂಗ್ ಬಿಟ್ಟು ನೇರವಾಗಿ ಕಾಲೇಜಿನ ಆಫೀಸಿನಲ್ಲಿ ಸೇರಿದವರು, ಕಟ್ಟಕಡೆಗೆ ಸೇರಿದವರು ಮೊದಲು ಬೀಳುತ್ತಾರೆ. ಪದವಿಗೆ ಮಾನ್ಯತೆ ಇಲ್ಲದಿದ್ದರೆ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇಲ್ಲ. ನೋಂದಣಿ ಇಲ್ಲದೆ ಕ್ಲಿನಿಕ್ ಬೋರ್ಡು ಹಾಕುವಂತಿಲ್ಲ. ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಎಲ್ಲ ಮುಗಿದ ಮೇಲೆ ಈ ಸುದ್ದಿ ತಿಳಿದರೆ ಆಗುವ ಗತಿ ಯೋಚಿಸಿ.

ವಿಷಯ ಹೊರಬೀಳುವುದು ಸಾಮಾನ್ಯವಾಗಿ ಅದಕ್ಕೂ ಮೊದಲು: ವಿಶ್ವವಿದ್ಯಾಲಯ ನೋಂದಣಿ ಸಂಖ್ಯೆ ಕೊಡದಿದ್ದಾಗ, ಅಥವಾ ಮೊದಲ ವರ್ಷದ ಪರೀಕ್ಷೆಗೆ ಹಾಲ್ ಟಿಕೆಟ್ ಬರದಿದ್ದಾಗ.

ಮಕ್ಕಳ ಭವಿಷ್ಯ ನೋಡಿ ಕೋರ್ಟು ಕರುಣೆ ತೋರಿಸುವುದಿಲ್ಲವೇ?

ಹಲವು ಸಲ ತೋರಿಸಿದೆ, ಬೆಲೆ ಕಟ್ಟಿಸಿಕೊಂಡೇ ತೋರಿಸಿದೆ. ಪ್ರಿಯಾ ಗುಪ್ತಾ ಪ್ರಕರಣದಲ್ಲಿ 2012ರಲ್ಲಿ ಅಕ್ರಮವಾಗಿ ಸೀಟು ಪಡೆದಿದ್ದ ಇಬ್ಬರು ವಿದ್ಯಾರ್ಥಿನಿಯರಿಗೆ ಓದು ಮುಗಿಸಲು ಬಿಟ್ಟರೂ ತಲಾ 5 ಲಕ್ಷ ರೂಪಾಯಿ ಕಟ್ಟಿಸಿತು. ಉತ್ತರ ಪ್ರದೇಶದ ಉನ್ನಾವ್‌ನ ಸರಸ್ವತಿ ವೈದ್ಯಕೀಯ ಕಾಲೇಜು 132 ವಿದ್ಯಾರ್ಥಿಗಳನ್ನು ರಾಜ್ಯದ ಹಂಚಿಕೆ ಇಲ್ಲದೆ ಸೇರಿಸಿಕೊಂಡಿತ್ತು. 2021ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮುಂದುವರಿಯಲು ಬಿಟ್ಟಿತು. ಆದರೆ ಎಂಬಿಬಿಎಸ್ ಮುಗಿದ ಮೇಲೆ ಎರಡು ವರ್ಷ ಸಮುದಾಯ ಸೇವೆ ಮಾಡಬೇಕು ಎಂದಿತು. ಕಾಲೇಜಿಗೆ 5 ಕೋಟಿ ದಂಡ ಹಾಕಿ, ಅದನ್ನು ವಿದ್ಯಾರ್ಥಿಗಳಿಂದ ವಸೂಲಿ ಮಾಡಬಾರದು ಎಂದೂ ಸೇರಿಸಿತು.

ಪ್ರತಿ ಬಾರಿಯೂ ‘ಇದು ಈ ಪ್ರಕರಣಕ್ಕೆ ಮಾತ್ರ’ ಎಂಬ ಧಾಟಿ ಇರುತ್ತದೆ. ಮುಂದಿನವರಿಗೆ ಅದು ಹಕ್ಕಾಗುವುದಿಲ್ಲ. ವಿದ್ಯಾರ್ಥಿ ಎಷ್ಟು ಓದಿ ಮುಂದೆ ಬಂದಿದ್ದಾನೆ, ಅಕ್ರಮ ಅವನಿಗೆ ಗೊತ್ತಿತ್ತೇ, ನೀಟ್ ಅಂಕ ಎಷ್ಟು, ಇವೆಲ್ಲ ತಕ್ಕಡಿಗೆ ಬೀಳುತ್ತವೆ. ಪರಿಷತ್ತಿನ ನೋಟಿಸು ಬಂದ ಮೇಲೂ ತರಗತಿಗೆ ಹೋಗುತ್ತಿದ್ದವರಿಗೆ ‘ಗೊತ್ತಿರಲಿಲ್ಲ’ ಎನ್ನುವ ಮಾತು ದಕ್ಕುವುದಿಲ್ಲ.

ಕಾಲೇಜುಗಳೆಲ್ಲ ಕೊನೆ ಗಳಿಗೆಯಲ್ಲೇ ಕೋರ್ಟಿಗೆ ಓಡುವುದು ಯಾಕೆ?

ಪ್ರವೇಶಕ್ಕೆ ಕಡೆಯ ದಿನ ಇರುವುದರಿಂದ. ಮಧು ಸಿಂಗ್ (2002) ಮತ್ತು ಮೃದುಲ್ ಧರ್ (2005) ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು ವೇಳಾಪಟ್ಟಿಯನ್ನು ಬಿಗಿ ಮಾಡಿತು. ಎಂಬಿಬಿಎಸ್, ಬಿಡಿಎಸ್‌ಗೆ ಆಗ ಸೆಪ್ಟೆಂಬರ್ 30 ಕಡೆಯ ದಿನವಾಗಿತ್ತು. ಈಗ ಆಯಾ ವರ್ಷದ ಕೌನ್ಸೆಲಿಂಗ್ ವೇಳಾಪಟ್ಟಿಯ ಪ್ರಕಾರ ದಿನಾಂಕ ಹಿಂದುಮುಂದಾಗುತ್ತದೆ. ಆದರೆ ದಿನ ಕಳೆದ ಮೇಲೆ ಸೇರಿಸುವಂತಿಲ್ಲ ಎಂಬ ತತ್ವ ಹಾಗೇ ಇದೆ. ಈ ವರ್ಷ ಖಾಲಿ ಉಳಿದ ಸೀಟನ್ನು ಮುಂದಿನ ವರ್ಷದ ಸೀಟಿಗೆ ಕೂಡಿಸಿಕೊಳ್ಳುವಂತೆಯೂ ಇಲ್ಲ. ಮೃದುಲ್ ಧರ್ ತೀರ್ಪಿನಲ್ಲೇ ಇನ್ನೊಂದು ಮಾತಿದೆ: ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಮಿತಿ ಮೀರಿ ಸೇರಿಸಿಕೊಂಡರೆ ಅಷ್ಟನ್ನೂ ಮುಂದಿನ ವರ್ಷದ ಕೋಟಾದಿಂದ ಕಳೆಯಬೇಕು.

ಬಿಡಿಎಸ್ ಸೀಟುಗಳೇ ಖಾಲಿ ಬೀಳುತ್ತಿವೆ. ಮತ್ತೆ ಸೀಟು ಹೆಚ್ಚಿಸಿ ಎಂದು ಹೋರಾಟ ಯಾಕೆ?

ಒಳ್ಳೆಯ ಪ್ರಶ್ನೆ. 2020-21ರಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದಿದ್ದವು. ಹರ್ಷಿತ್ ಅಗರ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ವರ್ಷದ ಮಟ್ಟಿಗೆ ನೀಟ್ ಅರ್ಹತೆಯನ್ನು 10 ಪರ್ಸೆಂಟೈಲ್ ಇಳಿಸಲು ಹೇಳಬೇಕಾಯಿತು. ಶುಲ್ಕ ಕಡಿಮೆ ಮಾಡಿದರೆ ಖಾಸಗಿ ಕಾಲೇಜಿನ ಸೀಟು ತುಂಬಬಹುದು ಎಂಬ ಮಾತನ್ನೂ ಆ ತೀರ್ಪಿನಲ್ಲಿ ಓದಬಹುದು.

ಆದರೂ ಕಾಲೇಜುಗಳು ಹೋರಾಡುತ್ತವೆ. ಎಲ್ಲ ಕಾಲೇಜಿನ ಸೀಟೂ ಖಾಲಿ ಬೀಳುವುದಿಲ್ಲ. ಹೆಸರಿರುವ ಕಡೆ ಬೇಡಿಕೆ ಇದ್ದೇ ಇದೆ. ಇನ್ನು ನಿಜವಾದ ಹಣ ಇರುವುದು ಎಂಡಿಎಸ್‌ನಲ್ಲಿ. ಒಂಬತ್ತು ಸ್ನಾತಕೋತ್ತರ ವಿಭಾಗಗಳಲ್ಲಿ ದಂತ ವಕ್ರತೆ ಸರಿಪಡಿಸುವ ಆರ್ಥೊಡಾಂಟಿಕ್ಸ್, ಬೇರು ಚಿಕಿತ್ಸೆಯ ಕನ್ಸರ್ವೇಟಿವ್ ಡೆಂಟಿಸ್ಟ್ರಿ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಇವಕ್ಕೆ ನೂಕುನುಗ್ಗಲು. ಅಲ್ಲಿ ಒಂದೊಂದು ಸೀಟಿಗೂ ಬೆಲೆ ಇದೆ. ನವೀಕರಣ ತಪ್ಪಿದ ಹೊಸ ಕಾಲೇಜಿನ ಕಥೆ ಬೇರೆ. ಒಂದು ವರ್ಷ ಪ್ರವೇಶ ಶೂನ್ಯವಾದರೆ ಆ ಬ್ಯಾಚಿನ ಶುಲ್ಕ ಕೋರ್ಸು ಮುಗಿಯುವ ತನಕವೂ ಇಲ್ಲ, ಅಧ್ಯಾಪಕರ ಸಂಬಳ ಮಾತ್ರ ನಿಲ್ಲುವುದಿಲ್ಲ.

ಅಲ್ಪಸಂಖ್ಯಾತ ಸಂಸ್ಥೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಈ ನಿಯಮ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಸಂವಿಧಾನದ 30ನೇ ವಿಧಿ ಸಂಸ್ಥೆ ನಡೆಸುವ ಹಕ್ಕು ಕೊಡುತ್ತದೆ. ಗುಣಮಟ್ಟದ ನಿಯಮದಿಂದ ವಿನಾಯಿತಿ ಕೊಡುವುದಿಲ್ಲ. ನೀಟ್ ಕೂಡ ಎಲ್ಲರಿಗೂ ಕಡ್ಡಾಯ ಎಂದು 2020ರ ಏಪ್ರಿಲ್‌ನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಟಿ.ಎಂ.ಎ. ಪೈ ತೀರ್ಪು, ಮಾಡರ್ನ್ ಡೆಂಟಲ್ ಕಾಲೇಜ್ ತೀರ್ಪು ಎಂದೆಲ್ಲ ಹೇಳುತ್ತಾರಲ್ಲ, ಅವು ಇದೇ ವಿಷಯದವೇ?

ಪಕ್ಕದ ವಿಷಯ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಶಿಕ್ಷಣ ಸಂಸ್ಥೆಗಳ ಸ್ವಾಯತ್ತತೆಯನ್ನು ವಿಚಾರ ಮಾಡಿತು. ಮಧ್ಯಪ್ರದೇಶದ ಮಾಡರ್ನ್ ಡೆಂಟಲ್ ಕಾಲೇಜು ಪ್ರಕರಣದಲ್ಲಿ 2016ರಲ್ಲಿ ಐವರ ಸಂವಿಧಾನ ಪೀಠ, ಪ್ರವೇಶ ಮತ್ತು ಶುಲ್ಕವನ್ನು ರಾಜ್ಯ ನಿಯಂತ್ರಿಸಬಹುದು ಎಂದಿತು. ಅಲ್ಲಿ ಇದ್ದ ಪ್ರಶ್ನೆ ಸೀಟನ್ನು ಯಾರು ತುಂಬಬೇಕು, ಎಷ್ಟು ಶುಲ್ಕಕ್ಕೆ ಎಂಬುದು. ನಾವಿಲ್ಲಿ ಮಾತಾಡುತ್ತಿರುವುದು ಸೀಟು ಎಷ್ಟು ಎಂಬುದರ ಬಗ್ಗೆ. ಕಾಲೇಜಿನವರು ಆ ತೀರ್ಪುಗಳನ್ನು ತೋರಿಸಿ ಸೀಟು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಟ್ಟರೆ ನಂಬಬೇಡಿ.

ರಾಷ್ಟ್ರೀಯ ದಂತ ಆಯೋಗದಿಂದ ಇದೆಲ್ಲ ಬದಲಾಗುತ್ತದೆಯೇ?

ರಾಷ್ಟ್ರೀಯ ದಂತ ಆಯೋಗ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಯವರ ಅಂಕಿತ ಬಿತ್ತು. 1948ರ ಕಾಯ್ದೆಯನ್ನು ತೆಗೆದು, ಚುನಾಯಿತ ಸದಸ್ಯರೂ ಇದ್ದ ಪರಿಷತ್ತಿನ ಜಾಗದಲ್ಲಿ ಆಯೋಗ ಮತ್ತು ಮೂರು ಮಂಡಳಿಗಳನ್ನು ತರುವುದು ಅದರ ಉದ್ದೇಶ. ಕಾಲೇಜುಗಳ ಮಟ್ಟಿಗೆ ಮುಖ್ಯವಾದದ್ದು ಮೌಲ್ಯಮಾಪನ ಮತ್ತು ಶ್ರೇಯಾಂಕ ಮಂಡಳಿ. ಅನುಮತಿ ಕೊಡುವುದರ ಜತೆಗೆ ಎಚ್ಚರಿಕೆ, ದಂಡ, ಸೀಟು ಕಡಿತ, ಪ್ರವೇಶ ತಡೆ ಇಂಥ ಕ್ರಮಗಳೂ ಅದರ ಕೈಯಲ್ಲಿವೆ. ಹಳೆಯ ವ್ಯವಸ್ಥೆಯಲ್ಲಿ ಇಲ್ಲದ ಮೇಲ್ಮನವಿ ಹಂತಗಳೂ ಇವೆ: ಮೊದಲು ಆಯೋಗಕ್ಕೆ, ಆಮೇಲೆ ಕೇಂದ್ರಕ್ಕೆ.

ಹೆಸರು ಬದಲಾದರೂ ನಿಮ್ಮ ಕೆಲಸ ಅದೇ. ಅನುಮತಿ ಪತ್ರದ ಮೇಲೆ ಯಾವ ಪ್ರಾಧಿಕಾರದ ಹೆಸರಿದೆ, ಅದು ಯಾವ ಶೈಕ್ಷಣಿಕ ವರ್ಷದ್ದು, ಸಂಖ್ಯೆ ಎಷ್ಟು ಎಂದು ನೋಡುವುದು. ಹೋದ ವರ್ಷದ ಪತ್ರ ತೋರಿಸಿ ಈ ವರ್ಷ ಸೇರಿಸಿಕೊಳ್ಳುವುದು ಹಳೆಯ ಕೈಚಳಕ.

ನನ್ನ ಮಗಳು ಈಗಾಗಲೇ ಮೂರನೇ ವರ್ಷದಲ್ಲಿದ್ದಾಳೆ. ಕಾಲೇಜಿಗೆ ಈ ವರ್ಷ ನವೀಕರಣ ಸಿಕ್ಕಿಲ್ಲವಂತೆ. ಅವಳ ಗತಿ?

ಗಾಬರಿ ಬೇಡ. ಅವಳ ಬ್ಯಾಚಿಗೆ ಅನುಮತಿ ಇದ್ದು, ಅವಳು ಕೌನ್ಸೆಲಿಂಗ್ ಮೂಲಕ ಬಂದಿದ್ದರೆ ಈ ವರ್ಷದ ಹೊಸ ಪ್ರವೇಶ ನಿಂತದ್ದರಿಂದ ಅವಳ ಸೀಟು ಹೋಗುವುದಿಲ್ಲ. ಕಾಲೇಜು ಮುಂದೆ ಮುಚ್ಚುವ ಸ್ಥಿತಿಗೆ ಬಂದರೂ ಒಂದು ಆಸರೆಯಿದೆ. ರಾಜ್ಯ ಕೊಡುವ ಅಗತ್ಯತಾ ಪ್ರಮಾಣಪತ್ರದಲ್ಲೇ, ಕಾಲೇಜು ಸೌಕರ್ಯ ಒದಗಿಸಲಾಗದೆ ಪ್ರವೇಶ ನಿಂತುಹೋದರೆ ಕೇಂದ್ರದ ಅನುಮತಿಯಿಂದ ಸೇರಿದ ವಿದ್ಯಾರ್ಥಿಗಳ ಹೊಣೆ ತನ್ನದು ಎಂಬ ಮುಚ್ಚಳಿಕೆ ಇರುತ್ತದೆ. ‘ಕೇಂದ್ರದ ಅನುಮತಿಯಿಂದ ಸೇರಿದ’ ಎಂಬ ಮಾತನ್ನು ಗಮನಿಸಿ. ಮಿತಿ ಮೀರಿ ಸೇರಿದವರು ಈ ಆಸರೆಯ ಹೊರಗೆ.

ಅವಳ ಕಲಿಕೆಗೆ ಪೆಟ್ಟು ಬೀಳುವುದು ಬೇರೆ ಕಡೆಯಿಂದ. ಆದಾಯ ನಿಂತ ಕಾಲೇಜಿನಿಂದ ಮೊದಲು ಜಾಗ ಖಾಲಿ ಮಾಡುವವರು ಒಳ್ಳೆಯ ಅಧ್ಯಾಪಕರು. ವಿಭಾಗದಲ್ಲಿ ಯಾರು ಉಳಿದಿದ್ದಾರೆ, ರೋಗಿಗಳು ಬರುತ್ತಿದ್ದಾರೆಯೇ ಎಂದು ಅವಳನ್ನೇ ಕೇಳಿ ನೋಡಿ.

ಸೇರುವ ಮುನ್ನ ಯಾವ ಕಾಗದ ಕೇಳಬೇಕು?

ಈ ವರ್ಷದ ಅನುಮತಿ ಅಥವಾ ಮಾನ್ಯತೆಯ ಪತ್ರ, ವಿಶ್ವವಿದ್ಯಾಲಯದ ಈ ವರ್ಷದ ಸಂಯೋಜನಾ ಅಧಿಸೂಚನೆ, ನಿಮ್ಮ ಹೆಸರಿನ ಹಂಚಿಕೆ ಪತ್ರ. ಮೂರರಲ್ಲೂ ಸಂಖ್ಯೆ, ವರ್ಷ ಹೊಂದಬೇಕು. ಸೀಟಿನ ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಮುಂದೆ ‘ನ್ಯಾಯಾಲಯದ ಆದೇಶಕ್ಕೆ ಒಳಪಟ್ಟು’ ಎಂಬ ಟಿಪ್ಪಣಿ ಇದೆಯೇ ನೋಡಿ. ಬಹಳ ಜನ ಅದನ್ನು ಓದುವುದೇ ಇಲ್ಲ. ಹಣ ಬ್ಯಾಂಕಿನ ಮೂಲಕವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಡೊನೇಷನ್ ಪಡೆಯುವುದು ಕರ್ನಾಟಕದಲ್ಲಿ 1984ರ ಕಾಯ್ದೆಯಿಂದಲೇ ನಿಷಿದ್ಧ. ಕೈಯಲ್ಲಿ ಕೊಟ್ಟ ಹಣಕ್ಕೆ ಆಮೇಲೆ ಸಾಕ್ಷಿ ಹುಡುಕಲು ಆಗುವುದಿಲ್ಲ.

ಈಗಾಗಲೇ ಸೇರಿಯಾಗಿದೆ, ಕೇಸು ನಡೆಯುತ್ತಿದೆ. ನಾವೇನು ಮಾಡಬಹುದು?

ಕಾಲೇಜಿನವರಿಂದ ಕೇಸ್ ನಂಬರ್ ತೆಗೆದುಕೊಳ್ಳಿ. ಬೆಂಗಳೂರು, ಧಾರವಾಡ, ಕಲಬುರಗಿ ಯಾವ ಪೀಠದಲ್ಲಿದ್ದರೂ ಹೈಕೋರ್ಟಿನ ಜಾಲತಾಣದಲ್ಲಿ ಮುಂದಿನ ವಿಚಾರಣೆಯ ದಿನವನ್ನೂ ಆದೇಶಗಳನ್ನೂ ನೋಡಬಹುದು. ‘ನಮ್ಮ ಲಾಯರು ನೋಡಿಕೊಳ್ಳುತ್ತಾರೆ’ ಎಂಬ ಮಾತಿಗೆ ಸುಮ್ಮನಾಗಬೇಡಿ. ಆ ಲಾಯರು ಕಾಲೇಜಿನ ಲಾಯರು. ಕಾಲೇಜಿಗೆ ಬೇಕಾದದ್ದು ಮುಂದಿನ ವರ್ಷದ ಸೀಟು, ನಿಮಗೆ ಬೇಕಾದದ್ದು ಈ ಬ್ಯಾಚಿನ ನೋಂದಣಿ. ಸಂಧಾನದ ಮಾತು ಬಂದಾಗ ಈ ಎರಡು ದಾರಿ ಬೇರೆಯಾಗುವುದುಂಟು.

ವಿದ್ಯಾರ್ಥಿಗಳು ಒಟ್ಟಾಗಿ ತಮ್ಮನ್ನೂ ಪಕ್ಷಗಾರರನ್ನಾಗಿ ಸೇರಿಸಿ ಎಂದು ಇಂಪ್ಲೀಡಿಂಗ್ ಅರ್ಜಿ ಹಾಕಬಹುದು. ನೀಟ್ ಅಂಕಪಟ್ಟಿ, ಹಂಚಿಕೆ ಪತ್ರ, ಶುಲ್ಕದ ರಸೀದಿ, ಹಾಜರಾತಿ ದಾಖಲೆಯನ್ನು ಜತೆಗಿಡಿ. ಬೇರೆ ಕಾಲೇಜಿಗೆ ವರ್ಗಾಯಿಸಿ ಎಂಬ ಪರ್ಯಾಯ ಕೋರಿಕೆಯನ್ನೂ ಅದರಲ್ಲೇ ಬರೆಸಿ. ಆಮೇಲೆ ಬೇರೆ ಅರ್ಜಿ ಹಾಕುವ ಹೊತ್ತಿಗೆ ಪ್ರವೇಶದ ಕಡೆಯ ದಿನ ಮುಗಿದಿರುತ್ತದೆ. ಶುಲ್ಕ ಮರಳಿ ಕೇಳುವುದಿದ್ದರೆ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಮೂಲ ಅಂಕಪಟ್ಟಿಗಳು ಕಾಲೇಜಿನ ಬೀರುವಿನಲ್ಲಿದ್ದರೆ ಮೊದಲು ಅವನ್ನು ಬಿಡಿಸಿಕೊಳ್ಳಿ, ಉಳಿದದ್ದು ಆಮೇಲೆ.